ಮೊದಲೇ ತೆಗೆದ ಫೋಟೋ

ನಮ್ಮ ಇತಿಹಾಸ ವಿಭಾಗದಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲೇ ಅದರ ಫೋಟೋ ತೆಗೆದಿಡುವ ಪದ್ಧತಿ ಇದೆ. ಅದನ್ನು ಕಂಡುಹಿಡಿದವಳು ನಾನೇ, ಕಾಪುವಿನ ನಳಿನಾಕ್ಷಿ, ಹನ್ನೊಂದು ವರ್ಷಗಳಿಂದ ಇಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಠಿಕಾಣಿ ಹೂಡಿದವರನ್ನು ಅತಿಥಿ ಎನ್ನುವ ಮನೆ ಬೇರೆಲ್ಲೂ ಇರಲಿಕ್ಕಿಲ್ಲ. ಪ್ರತಿ ಉಪನ್ಯಾಸಕ್ಕೂ ವರದಿ ಬೇಕು, ವರದಿಗೆ ಸ್ಥಳ, ತಾರೀಕು ಮೂಡಿದ ಫೋಟೋ ಬೇಕು. ಮಧ್ಯಾಹ್ನಕ್ಕೆ ಕಾದರೆ ಅರ್ಧ ಸಭೆ ಕ್ಯಾಂಟೀನಿಗೆ ಜಾರಿರುತ್ತದೆ. ಹಾಗಾಗಿ ಬೆಳಿಗ್ಗೆಯೇ ಸ್ವಾಗತಿಸುವವರು, ವಂದಿಸುವವರು, ಪ್ರಬಂಧ ಓದುವವರು ಎಲ್ಲರನ್ನೂ ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಲ್ಲಿಸಿ, ಬಾಯಿ ತೆರೆಸಿ, ಕ್ಲಿಕ್ಕಿಸಿಬಿಡುತ್ತೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಕಸುಬಾಗಿಬಿಟ್ಟಿದೆ.

ಆ ಗುರುವಾರ ರಾಜಶ್ರೀಯನ್ನೂ ಹಾಗೆಯೇ ನಿಲ್ಲಿಸಿದೆ. ಎರಡನೇ ವರ್ಷದ ಎಂ.ಎ. ಹುಡುಗಿ. ಮಣಿಪಾಲದ ಕಟ್ಟಡಗಳಿಗೆ ಕಲ್ಲು, ಮಣ್ಣು ಹೊತ್ತವರನ್ನು ಹುಡುಕಿ, ಅವರ ಬಾಯಿಂದಲೇ ಕೇಳಿ, ಆರು ತಿಂಗಳು ಕೂತು ಪ್ರಬಂಧ ಬರೆದಿದ್ದಳು.

"ಬಾಯಿ ತೆರೆ ಮಾರಾಯ್ತಿ, ಮಾತಾಡುವ ಹಾಗೆ ಕಾಣಬೇಕು."

"ಏನು ಹೇಳಲಿ ಮೇಡಂ?"

"ಎಂತದಾದರೂ. ಒಂದು, ಎರಡು, ಮೂರು ಅಂತ ಹೇಳು."

ಅವಳು ಎಣಿಸಿದಳು. ಫೋಟೋ ಚೆನ್ನಾಗಿ ಬಂತು.

ಕೊನೆಯ ಸಾಲಿನಲ್ಲಿ ಅವಳ ತಾಯಿ ಹನುಮವ್ವ ಆಗಲೇ ಬಂದು ಕುಳಿತಿದ್ದಳು. ಯಲಬುರ್ಗಾ ಕಡೆಯವಳು. ಮೊದಲು ಗಾರೆ ಕೆಲಸಕ್ಕೆ ಹೋಗುತ್ತಿದ್ದಳು, ಈಗ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ.

"ಅಕ್ಕೋರ, ಒಂದು ಗಂಟೆಕ್ಕ ನಾ ಹಾಸ್ಟೆಲ್ಲಿನಾಗ ಇರಬೇಕ್ರಿ. ಅಷ್ಟರಾಗ ನಮ್ಮ ಹುಡುಗೀದು ಆಗ್ತೈತಲ್ರಿ?"

"ಹನ್ನೆರಡಕ್ಕೇ ಉಂಟು. ಆರಾಮಲ್ಲಿ ಕೂತ್ಕೊಳ್ಳಿ" ಎಂದು ಮಾತು ಕೊಟ್ಟೆ.

ಕಾರ್ಕಳದಿಂದ ಬರಬೇಕಿದ್ದ ವಿದ್ವಾಂಸರು ಹಿರಿಯಡ್ಕದಲ್ಲಿ ಯಾರದೋ ಮನೆಗೆ ಹೊಕ್ಕು ಬಂದದ್ದರಿಂದ ಒಂದು ಗಂಟೆ ತಡ. ಪ್ರಾರ್ಥನೆ, ದೀಪ, ಪರಿಚಯ, ಶಾಲು ಎಲ್ಲ ಮುಗಿದು ಅವರು ಮೈಕು ಹಿಡಿದಾಗ ಹನ್ನೊಂದೂಕಾಲು. ಕರಾವಳಿಯ ಅರಸು ಮನೆತನಗಳನ್ನು ಒಂದೂ ಬಿಡದೆ ಹೇಳಿದರು. ಒಬ್ಬ ಅರಸ ಸತ್ತ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಅವನ ಅಳಿಯ ಪಟ್ಟಕ್ಕೆ ಬರುತ್ತಿದ್ದ. ನಾನು ಗಡಿಯಾರ ನೋಡುವುದು, ಹನುಮವ್ವ ನನ್ನನ್ನು ನೋಡುವುದು, ಇದೇ ನಡೆಯಿತು.

ಅವರು ಮುಗಿಸಿದಾಗ ಹನ್ನೆರಡೂ ಮೂವತ್ತೈದು. ನಮ್ಮ ವಿಭಾಗದ ಮುಖ್ಯಸ್ಥ ಹೆರಾಲ್ಡ್ ಸರ್ ನನ್ನತ್ತ ಬಾಗಿದರು.

"ಆ ಹುಡುಗಿಯದ್ದು ಬೇಡ ಮೇಡಂ, ಟೈಮಿಲ್ಲ. ಫೋಟೋ ಉಂಟಲ್ವಾ?"

ಮುಂದಿನ ವರ್ಷಕ್ಕೆ ನನ್ನನ್ನು ಉಳಿಸಿಕೊಳ್ಳುವ ಕಾಗದ ಅವರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು.

"ಉಂಟು ಸರ್" ಎಂದೆ.

ವಂದನಾರ್ಪಣೆ ಆಯಿತು, ರಾಷ್ಟ್ರಗೀತೆ ಆಯಿತು. ಮಕ್ಕಳು ಊಟಕ್ಕೆ ಓಡಿದರು. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯನ್ನೂ ಮೀರಿದ ಸುಸ್ತಿತ್ತು, ಎಲ್ಲಾದರೂ ಸುಮ್ಮನೆ ಕುಳಿತರೆ ಸಾಕು ಅನಿಸುತ್ತಿತ್ತು. ರಾಜಶ್ರೀ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಹನುಮವ್ವ ಮೆಟ್ಟಿಲಿಳಿದು ಮುಂದೆ ಬಂದಳು.

"ಯಾಕ್ರೀ ಅಕ್ಕೋರ, ಇಕಿ ಏನರ ತಪ್ಪು ಮಾಡ್ಯಾಳೇನ್ರಿ?"

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಈಗ ಮೇಜಿನ ಮೇಲಿದ್ದ ಶಾಲಿನ ಕವರು ಮಡಚತೊಡಗಿದೆ.

"ಇಲ್ಲಬೇ, ಫೋಟೋ ತೆಗದಾರ. ಅಷ್ಟ ಸಾಕಂತ" ಎಂದಳು ಮಗಳು, ನನ್ನ ಮುಖ ನೋಡದೆ.

ಗಡಿಯಾರದಲ್ಲಿ ಹನ್ನೆರಡೂ ನಲವತ್ತೈದು. ಹೊರಗಿನಿಂದ ಹೆರಾಲ್ಡ್ ಸರ್ ಫೋನು ಮಾಡಿದರು. ಅತಿಥಿಗಳು ಕಾರಿನಲ್ಲಿ ಕೂತಿದ್ದಾರೆ, ಊಟಕ್ಕೆ ಉಡುಪಿಗೆ ಹೋಗುವುದು, ನೀವು ಬೇಗ ಬನ್ನಿ ಎಂದರು. ನೀವು ಹೋಗಿ ಸರ್, ನನಗೆ ಇಲ್ಲಿ ಕಾರ್ಯಕ್ರಮ ಉಂಟು ಎಂದೆ. ಅವರು ಏನೋ ಕೇಳುವ ಮೊದಲು ಫೋನಿಟ್ಟೆ.

ಅಟೆಂಡರ್ ಪೀಟರ್ ಫ್ಯಾನು ಆರಿಸುತ್ತಾ ಬರುತ್ತಿದ್ದರು.

"ಪೀಟರಣ್ಣ, ಹತ್ತು ನಿಮಿಷ. ನೀವೂ ಕೂತ್ಕೊಳ್ಳಿ."

"ಮೈಕು ಕಪಾಟಿಗೆ ಹಾಕಿಯಾಯ್ತು ಮೇಡಂ."

"ಬೇಡ, ಹೀಗೇ ಕೇಳ್ತದೆ."

ಈಗ ಓದು ಎಂದೆ. ರಾಜಶ್ರೀ ಹಾಳೆಗಳನ್ನು ಮತ್ತೆ ಚೀಲದಿಂದ ತೆಗೆದು ವೇದಿಕೆ ಹತ್ತಿದಳು. ಮೊದಲ ಹಾಳೆ ಓದುವಾಗ ದನಿ ನಡುಗುತ್ತಿತ್ತು, ಎರಡನೆಯದಕ್ಕೆ ಸರಿಹೋಯಿತು. ಯಾವ ಕಟ್ಟಡಕ್ಕೆ ಯಾವ ಊರಿನವರು ಬಂದರು, ಎಲ್ಲಿ ಗುಡಿಸಲು ಹಾಕಿದರು, ಯಾರು ಬಿದ್ದು ಕಾಲು ಮುರಿದುಕೊಂಡರು, ಎಲ್ಲವೂ ಹೆಸರು ಸಮೇತ ಇತ್ತು. ಆಮೇಲೆ ಅವಳು ಹಾಳೆ ಕೆಳಗಿಟ್ಟಳು.

"ಈ ಸಭಾಂಗಣಕ್ಕೆ ಸ್ಲ್ಯಾಬ್ ಹಾಕಿದ ದಿನ ಇಪ್ಪತ್ತಾರು ಹೆಂಗಸರು ಕಾಂಕ್ರೀಟು ಹೊತ್ತರು. ಅವರಲ್ಲಿ ಒಬ್ಬಳು ನಾಲ್ಕು ತಿಂಗಳ ಕೂಸನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ, ಆ ಜೋಳಿಗೆಯನ್ನು ಕಂಬದ ಕಬ್ಬಿಣಕ್ಕೆ ಕಟ್ಟಿದ್ದಳು. ಆ ಕಂಬ ಇದು." ಅವಳು ವೇದಿಕೆಯ ಎಡಗಡೆಯ ಕಂಬವನ್ನು ಮುಟ್ಟಿದಳು. "ಆ ಕೂಸು ನಾನು."

"ಅದಲ್ಲಬೇ, ಈಚಿ ಕಡೀದು!" ಎಂದು ಕೆಳಗಿನಿಂದ ಹನುಮವ್ವ ಕೂಗಿದಳು. "ಆ ಕಡೆ ಬಿಸಲು ಬೀಳ್ತಿತ್ತು."

ರಾಜಶ್ರೀ ವೇದಿಕೆ ದಾಟಿ ಬಲಗಡೆಯ ಕಂಬದ ಬಳಿಗೆ ಹೋದಳು. ಪೆನ್ನು ತೆಗೆದು ಹಾಳೆಯಲ್ಲಿ ತಿದ್ದಿದಳು. ಪೀಟರ್ ಕನ್ನಡಕ ಒರೆಸಿಕೊಂಡರು. ನನಗಂತೂ ಅಳು ತಡೆಯಲಾಗಲಿಲ್ಲ. ಒಂದಕ್ಕೆ ಐದು ನಿಮಿಷ ಇರುವಾಗ ಹನುಮವ್ವ ಎದ್ದು, ಮಗಳ ಕೆನ್ನೆ ಮುಟ್ಟಿ, ಹಾಸ್ಟೆಲಿನ ಕಡೆಗೆ ಓಡಿದಳು.

ಸೋಮವಾರ ಹೆರಾಲ್ಡ್ ಸರ್ ವರದಿ ಹಿಡಿದುಕೊಂಡು ನನ್ನನ್ನು ಕರೆಸಿದರು.

"ಎಂತ ಮೇಡಂ ಇದು? ರಾಜಶ್ರೀಯ ಪ್ರಬಂಧ, ಸಭಿಕರು ಮೂರು ಅಂತ ಉಂಟು. ಸೊನ್ನೆ ಬಿಟ್ಟುಹೋಗಿದೆಯಾ?"

"ಇಲ್ಲ ಸರ್, ಮೂರೇ ಮಂದಿ."

"ಫೋಟೋವನ್ನೂ ಹಾಕಲಿಲ್ಲ. ಬೆಳಿಗ್ಗೆ ತೆಗೆದದ್ದು ಉಂಟಲ್ವಾ?"

"ಅದರಲ್ಲಿ ಅವಳು ಒಂದು, ಎರಡು, ಮೂರು ಹೇಳುತ್ತಿದ್ದಾಳೆ ಸರ್."

"ಹಾಗಾದರೆ ಮಾತಾಡುವಾಗಿನದ್ದು ಹಾಕಿ."

ನನ್ನ ಕಾಗದ ಇನ್ನೂ ಅವರ ಮೇಜಿನ ಮೇಲೆಯೇ ಇತ್ತು, ಸಹಿಯಿಲ್ಲದೆ.

"ತೆಗೆಯಲಿಲ್ಲ ಸರ್" ಎಂದೆ. "ನಾನು ಕೇಳುತ್ತಾ ಕೂತಿದ್ದೆ."