ಇಸ್ತ್ರಿಯಣ್ಣನ ಹುಳುಕಡ್ಡಿ ಸಿಕ್ಕಿಬಿದ್ದ ಕಥೆ

ಇಸ್ತ್ರಿಯಣ್ಣನಿಗೆ ಕೆರೆತ ಶುರುವಾಗಿ ಎಂಟು ತಿಂಗಳು. ಮೊದಲು ಸೊಂಟದಲ್ಲಿ ಕಾಸಗಲದ ಒಂದು ಉಂಗುರ ಎದ್ದಿತು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನ ಟ್ಯೂಬು ಹಚ್ಚಿದರೆ ಮೂರು ದಿನ ಮಾಯ, ನಾಲ್ಕನೆಯ ದಿನ ಅಣ್ಣತಮ್ಮಂದಿರನ್ನೂ ಕರೆದುಕೊಂಡು ಹಾಜರು. ಮಾತ್ರೆ ನುಂಗಿದ್ದೂ ಆಯಿತು. ಈಗ ತೋಳಿಗೂ ಬಂದಿದೆ. ಅಂಟೀತೆಂಬ ಭಯಕ್ಕೆ, ವರ್ಷ ತುಂಬಿದ ಮಗಳನ್ನು ಎತ್ತಿಕೊಳ್ಳುವುದನ್ನೇ ಅವನು ಬಿಟ್ಟಿದ್ದ. ಮಗು ತೆವಳಿ ಬಂದು ಕೈ ಚಾಚಿದರೆ ಹೆಂಡತಿಯನ್ನು ಕೂಗುತ್ತಿದ್ದ.

ಬಿಳಿ ಕೋಟುಗಳನ್ನು ಇಸ್ತ್ರಿಗೆ ತರುವ ಲ್ಯಾಬ್ ಅಕ್ಕ ಒಂದು ದಿನ ಅವನ ತೋಳು ನೋಡಿದಳು.

"ಇದೇನೋ ಇದು? ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸ್ದೆ. ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ರು. ಏನೂ ಕಾಣ್ಲಿಲ್ವಂತೆ. ಇದೆಲ್ಲ ಮೈ ಉಷ್ಣ ಕಣಕ್ಕ. ದಿನವಿಡೀ ಕೆಂಡದ ಪಕ್ಕ ನಿಂತ್ರೆ ಇನ್ನೇನಾಗುತ್ತೆ?"

ಒಳಗಿದ್ದ ಹೆಂಡತಿ ಗುಟ್ಟು ಬಿಚ್ಚಿದಳು. "ಹೋಗೋ ದಿನ ಏನ್ ಮಾಡಿದ್ರು ಕೇಳಿ! ಬಿಸಿನೀರು ಸುರ್ಕೊಂಡು ಕಲ್ಲಲ್ಲಿ ಗಸಗಸ ಉಜ್ಜಿ, ಮೇಲೆ ಟ್ಯೂಬು ಮೆತ್ತಿ, ಮದುಮಗನ ಹಾಗೆ ಹೊರಟ್ರು."

"ಮತ್ತೆ? ಸುಕ್ಕಿರೋ ಬಟ್ಟೇನೇ ನಾನು ಯಾರ ಕೈಗೂ ಕೊಡಲ್ಲ. ಹೊಟ್ಟು ಉದುರೋ ಮೈ ಹೊತ್ಕೊಂಡು ಡಾಕ್ಟರ ಮುಂದೆ ಹೋಗ್ಲಾ?"

ಲ್ಯಾಬ್ ಅಕ್ಕ ನಕ್ಕುಬಿಟ್ಟಳು. "ಕಳ್ಳನ ಹೆಜ್ಜೆ ಗುಡಿಸಿ ಆಮೇಲೆ ಪೊಲೀಸ್ರನ್ನ ಕರೆದ ಹಾಗಾಯ್ತು! ಹುಳುಕಡ್ಡಿ ತರೋ ಬೂಷ್ಟು ಇರೋದೇ ಆ ಹೊಟ್ಟಲ್ಲಿ. ಇನ್ನೊಂದ್ಸಲ ಹೋಗು. ಡಿಎನ್‌ಎ ಪರೀಕ್ಷೆ ಮಾಡಿಸ್ಬಹುದಾ ಅಂತ ಡಾಕ್ಟರನ್ನ ಕೇಳು."

"ಬೂಷ್ಟಿಗೂ ಡಿಎನ್‌ಎ ಇರುತ್ತಾ?"

"ನಿನಗಿದ್ದ ಹಾಗೇ ಅದಕ್ಕೂ ಇದೆ. ಒಂದೊಂದು ಜಾತಿ ಬೂಷ್ಟಿಗೂ ಬೇರೆ ಬೇರೆ. ಚಿಟಿಕೆ ಹೊಟ್ಟು ಸಾಕು. ನಮ್ಮ ಯಂತ್ರ ಅದರ ಡಿಎನ್‌ಎ ಚೂರನ್ನ ನಕಲು ಮಾಡ್ತಾ ಹೋಗುತ್ತೆ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತೆ. ಆಗ ಅಡಗಿ ಕೂತಿದ್ದೂ ಸಿಕ್ಕಿಬೀಳುತ್ತೆ."

"ರೈಲು ಬಿಡಬೇಡಕ್ಕ."

"ಹಾಗಾದ್ರೆ ಆ ಬೆಡ್‌ಶೀಟು ಮಡಿಚು ನೋಡೋಣ."

ಒಂದು ಮಡಿಕೆಗೆ ಎರಡು ಪದರ. ಎರಡಕ್ಕೆ ನಾಲ್ಕು. ಆರನೆಯದಕ್ಕೆ ಅರವತ್ತನಾಲ್ಕು, ಬೆಡ್‌ಶೀಟು ದಿಂಬಾಯಿತು. ಏಳನೆಯದಕ್ಕೆ, ಇಪ್ಪತ್ತು ವರ್ಷ ಬಟ್ಟೆ ಮಡಿಚಿದ ಕೈಗಳೇ ಸೋತವು. ಇನ್ನೂ ಇಪ್ಪತ್ತನಾಲ್ಕು ಬಾಕಿ! ಇಸ್ತ್ರಿಯಣ್ಣನ ಮೈ ಜುಮ್ಮೆಂದಿತು. ಮರುದಿನವೇ ಅವನು ಮತ್ತೆ ಡಾಕ್ಟರ ಬಳಿ ಹೋದ.

ಡಾಕ್ಟರು ಹೇಳಿದಂತೆ ಎರಡು ವಾರ ಟ್ಯೂಬು ಮುಟ್ಟಲಿಲ್ಲ. ಹೊಟ್ಟನ್ನು ಪಿತ್ರಾರ್ಜಿತ ಆಸ್ತಿಯಂತೆ ಕಾಪಾಡಿದ. ಉಂಗುರದ ಅಂಚಿನಿಂದ ಅವರು ಕೆರೆದು ತೆಗೆದದ್ದು ಎಷ್ಟು? ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಷ್ಟು. ಅವನು ಉಸಿರು ಬಿಗಿಹಿಡಿದೇ ಕೂತಿದ್ದ.

ಮೂರನೆಯ ದಿನ ಫಲಿತಾಂಶ ಬಂತು.

"ಬೂಷ್ಟು ಬೆಳೆಸಿ ನೋಡೋಕೆ ವಾರಗಟ್ಟಲೆ ಬೇಕಿತ್ತು," ಎಂದರು ಡಾಕ್ಟರು. "ಯಾವ ಜಾತಿ ಅಂತ ಈಗಲೇ ಗೊತ್ತಾಯ್ತು. ನೀವು ನುಂಗಿದ್ರಲ್ಲ, ಆ ಮಾತ್ರೆಗೆ ಬಗ್ಗದಂಥ ಬದಲಾವಣೆ ಅದರ ಡಿಎನ್‌ಎಯಲ್ಲೇ ಇದೆ. ಬೇರೆ ಔಷಧಿ ಕೊಡ್ತೀನಿ. ಆ ಟ್ಯೂಬಲ್ಲಿ ಸ್ಟೀರಾಯ್ಡ್ ಇದೆ, ಎಸೀರಿ. ಅದು ಕೆಂಡದ ಮೇಲೆ ಬೂದಿ ಮುಚ್ಚುತ್ತೆ ಅಷ್ಟೆ."

ಇಸ್ತ್ರಿಯಣ್ಣ ತನ್ನ ತೋಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಕಣ್ಣಿಗೇ ಕಾಣದ ಜೀವ. ಅದರ ಹೊಟ್ಟೆಯೊಳಗಿನ ಬರಹವನ್ನು ಇವರು ಓದಿಬಿಟ್ಟಿದ್ದಾರೆ! "ಎಂಥೆಂಥದ್ದು ಕಂಡುಹಿಡಿದಿದ್ದಾರಪ್ಪಾ," ಎಂದ.

ಜೊತೆಗೆ ಬಂದಿದ್ದ ಹೆಂಡತಿ ಆಗ ಮೆಲ್ಲಗೆ ತನ್ನ ಬೆನ್ನಿನ ಉಂಗುರವನ್ನೂ ತೋರಿಸಿದಳು. ನಾಚಿಕೆಗೆ ಇಷ್ಟು ದಿನ ಮುಚ್ಚಿಟ್ಟಿದ್ದಳಂತೆ. ಇಬ್ಬರಿಗೂ ಚಿಕಿತ್ಸೆ ನಡೆಯಿತು. ಟವೆಲ್ಲುಗಳು ಬೇರೆಯಾದವು. ಕೆರೆತ ನಿಂತ ವಾರವೇ ಔಷಧಿ ಬಿಡಲು ಹೊರಟವನನ್ನು ಹೆಂಡತಿ ಬಿಡಬೇಕಲ್ಲ! "ಡಾಕ್ಟರು ಹೇಳಲಿ, ಆಮೇಲೆ," ಎಂದು ಪಟ್ಟು ಹಿಡಿದಳು.

ಎರಡೂವರೆ ತಿಂಗಳಾದ ಮೇಲೆ ಡಾಕ್ಟರು, "ಪೂರ್ತಿ ವಾಸಿ," ಎಂದರು. ಮನೆಗೆ ಬಂದವನೇ ಮಗಳನ್ನು ಎತ್ತಿಕೊಂಡ. ಅವನ ತೋಳಿನ ಅಭ್ಯಾಸವೇ ತಪ್ಪಿದ್ದ ಅವಳು ಯಾರೋ ಹೊಸಬನೆಂಬಂತೆ ಬಿಕ್ಕಿಬಿಕ್ಕಿ ಅತ್ತಳು. ಅವನು ಇಳಿಸಲಿಲ್ಲ. ಅಳು ನಿಂತಿತು. ಅವಳು ಅವನ ಮೂಗನ್ನು ಹಿಡಿದು ಎಳೆದಳು. ಈಗ ಅಳುವ ಸರದಿ ಅವನದಾಯಿತು.

ನಿಮ್ಮ ಮೈಮೇಲೂ ಹೋಗಿ ಹೋಗಿ ಬರುವ ಉಂಗುರವಿದೆಯೇ? ಕಂಡ ಟ್ಯೂಬು ಹಚ್ಚಿ ಮುಚ್ಚಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಹೊಟ್ಟು ಕೊಡುವ ದಿನ ಉಜ್ಜಬೇಡಿ. ಒಮ್ಮೆ ಏನೂ ಕಾಣಲಿಲ್ಲವೆಂದು ಕೈಬಿಡಬೇಡಿ, ಡಿಎನ್‌ಎ ಪರೀಕ್ಷೆ ಬೇಕಾದೀತೇ ಎಂದು ಕೇಳಿ. ಹೇಳಿದಷ್ಟು ದಿನ ಔಷಧಿ ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲೂ ಕೈ ಚಾಚಿ ಕಾಯುತ್ತಿರುವ ಮಗುವಿದ್ದೀತು.