ಬೈಗುಳದ ಭಾನುವಾರ

ಕುರ್ಚಿಯ ಮೇಲೆ ಟವೆಲ್ ಹಾಸಿರುವುದನ್ನು ಕಂಡ ಕೂಡಲೇ ಎಲ್ಲೋ ಎಡವಟ್ಟಾಗಿದೆ ಎಂದು ಯಶಸ್ವಿನಿಗೆ ಅನ್ನಿಸಿತು. ಅದೂ ಹಳೆಯದಲ್ಲ, ಮಡಿಕೆ ಮುರಿಯದ ಹೊಸ ಟವೆಲ್.

"ಬನ್ನಿ ಮೇಡಂ, ಬನ್ನಿ. ಇಲ್ಲಿ ಕೂತ್ಕೊಳ್ಳಿ," ಎಂದು ಮಹಾಲಿಂಗಯ್ಯ ಎದ್ದು ನಿಂತು ಕೈತೋರಿಸಿದರು. ನಿವೃತ್ತ ಹೆಡ್‌ಮಾಸ್ತರೇ ಎದ್ದ ಮೇಲೆ ಉಳಿದವರು ಕೂತಿರಲಾದೀತೇ? ಕೊಲ್ಲಾಪುರಮ್ಮನ ತಟ್ಟೆ ಇಡ್ಲಿ ಹೋಟೆಲಿನ ಮುಂದಿನ ಎರಡೂ ಬೆಂಚುಗಳ ಜನ ಒಟ್ಟಿಗೆ ಎದ್ದರು. ಹೋಟೆಲಿನ ಬೆಕ್ಕೊಂದು ಮಾತ್ರ ಯಾರಿಗೂ ಮರ್ಯಾದೆ ಕೊಡದೆ ಒಲೆಯ ಪಕ್ಕ ಮಲಗಿತ್ತು.

ಯಶಸ್ವಿನಿ ಬೆಳಗ್ಗೆಯೇ ಹೆಬ್ಬೂರಿನಿಂದ ಬಸ್ಸು ಹತ್ತಿ, ತುಮಕೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು ಗುಬ್ಬಿಗೆ ಬಂದದ್ದು ಮರ್ಯಾದೆ ಮಾಡಿಸಿಕೊಳ್ಳುವುದಕ್ಕಲ್ಲ. ಬೈಸಿಕೊಳ್ಳುವುದಕ್ಕೆ.

ಗುಬ್ಬಿ ಯಂಗ್‌ಸ್ಟಾರ್ಸ್ ಫುಟ್‌ಬಾಲ್ ತಂಡದ ಅಭಿಮಾನಿಗಳಲ್ಲಿ ಇಂಥದ್ದೊಂದು ಪದ್ಧತಿ ಬೆಳೆದುಬಂದಿತ್ತು. ಲೀಗ್ ಶುರುವಾಗುವುದಕ್ಕೆ ಮುಂಚಿನ ಭಾನುವಾರ ಕೋಚ್ ಆದವರು ಈ ಹೋಟೆಲಿಗೆ ಬರಬೇಕು. ಗ್ರೈಂಡರ್ ಬಂದ ಮೇಲೆ ಕೆಲಸವಿಲ್ಲದೆ ಬೀದಿಗೆ ಬಿದ್ದ ಒರಳುಕಲ್ಲೊಂದು ಅಲ್ಲಿ ಮಗುಚಿಕೊಂಡಿದೆಯಲ್ಲ, ಅದರ ಮೇಲೆ ಕೂರಬೇಕು. ಯಾರನ್ನು ತೆಗೆದೆ, ಯಾರನ್ನು ಸೇರಿಸಿದೆ, ನಿನಗೇನು ತಲೆ ನೆಟ್ಟಗಿದೆಯೇ ಎಂದು ಅಭಿಮಾನಿಗಳು ಬಾಯಿಗೆ ಬಂದಂತೆ ಬೈಯುತ್ತಾರೆ. ಮೂರನೆಯ ಸುತ್ತಿನ ಕಾಫಿ ಬರುವವರೆಗೆ ಕೋಚ್ ತುಟಿಪಿಟಕ್ಕೆನ್ನುವಂತಿಲ್ಲ. ಒರಳಲ್ಲಿ ತಲೆಯಿಟ್ಟ ಮೇಲೆ ಒನಕೆಯ ಪೆಟ್ಟಿಗೆ ಹೆದರಿದರೆ ಆಗುತ್ತದೆಯೇ? ಊರಿಗೂರೇ ಕ್ರಿಕೆಟ್ಟಿಗೆ ಬಿದ್ದಿರುವಾಗ ಇವರು ಫುಟ್‌ಬಾಲಿನ ಹಿಂದೆ ಬಿದ್ದವರು. ಇಷ್ಟಾದರೂ ಹುಚ್ಚು ಇರದಿದ್ದರೆ ಹೇಗೆ?

ಕಣ್ಣು ಮಂಜಾಗಿ ಆಫ್‌ಸೈಡ್ ಕಾಣುವುದಿಲ್ಲವೆಂದು ತಾವಾಗಿಯೇ ಕೆಲಸ ಬಿಟ್ಟ ಹಳೆಯ ಕೋಚ್ ಶಿವರಾಮಯ್ಯ, ತಮ್ಮ ಜಾಗಕ್ಕೆ ಬಂದ ಯಶಸ್ವಿನಿಗೆ ಒಂದೇ ಒಂದು ಬುದ್ಧಿಮಾತು ಹೇಳಿದ್ದರು. "ನೋಡಮ್ಮ, ಬೈದ್ರೆ ನೀನು ಅವ್ರ ಕೋಚು. ಬೈಯ್ಲಿಲ್ಲ ಅಂದ್ರೆ ಬರೀ ನೆಂಟರೋಳು. ನೆಂಟರು ಎಷ್ಟ್ ದಿನ ಇರ್ತಾರೆ?" ಅವರಿಗಿಂತ ಮುಂಚೆ ಬೆಂಗಳೂರಿನಿಂದ ಬಂದಿದ್ದ ಕೋಚ್ ಒಬ್ಬನಿಗೆ ಇದೇ ಜನ ಕೇಸರಿಬಾತು ತಿನ್ನಿಸಿ, ಕೈಮುಗಿದು, ಒಂದೇ ಒಂದು ಕೆಟ್ಟ ಮಾತಾಡದೆ ಕಳಿಸಿಕೊಟ್ಟಿದ್ದರಂತೆ. ಆ ವರ್ಷ ಪಂದ್ಯಕ್ಕೆ ಒಂದು ನರಪಿಳ್ಳೆಯೂ ಹೋಗಲಿಲ್ಲ. ದೀಪಾವಳಿಗೆ ಮುಂಚೆಯೇ ಆತ ಗಂಟುಮೂಟೆ ಕಟ್ಟಿದ.

"ಕೇಸರಿಬಾತ್ ತಗೊಳ್ಳಿ ಮೇಡಂ," ಎಂದು ಚಿಕ್ಕಬೀರಯ್ಯ ತಟ್ಟೆ ಮುಂದೆ ಹಿಡಿದಾಗ ಯಶಸ್ವಿನಿಗೆ ಆ ಬೆಂಗಳೂರಿನವನ ನೆನಪಾಯಿತು.

ಚಿಕ್ಕಬೀರಯ್ಯ ತೆಂಗಿನಕಾಯಿ ಲೋಡು ಹೊಡೆಯುವ ಲಾರಿಯ ಮಾಲೀಕ. ಪಂದ್ಯದ ದಿನ ಅದೇ ಲಾರಿಯಲ್ಲಿ ಅಭಿಮಾನಿಗಳು ತಮಟೆ ಸಮೇತ ಹೋಗುತ್ತಿದ್ದರು. ಮುಂದಿನ ಭಾನುವಾರ ಕುಣಿಗಲ್‌ನಲ್ಲಿ ಮೊದಲ ಪಂದ್ಯ. ಕಳೆದ ವರ್ಷ ಫೈನಲ್‌ನಲ್ಲಿ ಗುಬ್ಬಿಯನ್ನು ಸೋಲಿಸಿದ ಅದೇ ಕುಣಿಗಲ್‌ನವರ ಮೇಲೆ, ಅದೂ ಅವರದೇ ಮೈದಾನದಲ್ಲಿ. ಆ ತಮಟೆ ಇಲ್ಲದೆ ಅವಳ ಹುಡುಗರು ಅಲ್ಲಿ ಅರ್ಧ ಗಂಟೆಯೂ ತಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಟೀಮ್ ಲಿಸ್ಟ್ ನೋಡಿದ್ರಾ ಎಲ್ಲಾರೂ?" ಎಂದು ತಾನಾಗಿಯೇ ಕೆಣಕಿದಳು.

"ನೋಡಿದ್ವಿ ಮೇಡಂ. ಬಹಳ ಒಳ್ಳೆ ಡಿಸಿಷನ್ನು," ಎಂದರು ಮಹಾಲಿಂಗಯ್ಯ.

"ಡಿಫೆನ್ಸ್‌ಗೆ ಮೂರೇ ಜನ ಹಾಕಿದೀನಿ."

"ಮೂರು ಸಾಕು ಬಿಡಿ ಮೇಡಂ. ನಾಕ್ ಜನ ಯಾಕೆ?" ಎಂದ ಚಿಕ್ಕಬೀರಯ್ಯ. ಹಾಗೆನ್ನುವಾಗ ಅವನ ಕೊರಳಿನ ನರ ಉಬ್ಬಿ ಇಳಿಯಿತು. ಹೇಳಬೇಕೆಂದಿದ್ದ ಮಾತನ್ನು ಕೇಸರಿಬಾತಿನ ಜೊತೆ ನುಂಗಿದನೆಂಬುದು ಎದುರಿಗಿದ್ದವರಿಗೆ ಕಾಣುವಂತಿತ್ತು.

ಹೆಂಗಸೆಂದು ಸಂಕೋಚಪಡುತ್ತಿದ್ದಾರೆ ಎಂದುಕೊಂಡಳು ಯಶಸ್ವಿನಿ. ರಾಜ್ಯ ತಂಡಕ್ಕೆ ಆಡಿದವಳು, ಪರೀಕ್ಷೆ ಪಾಸು ಮಾಡಿ ಕೋಚಿಂಗ್ ಲೈಸೆನ್ಸ್ ಪಡೆದವಳು. ಗಂಡಸರ ಸಂಕೋಚ ಅವಳಿಗೆ ಹೊಸತಲ್ಲ. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಸೀದಾ ನಡೆದು ಹೋಗಿ ಒರಳುಕಲ್ಲಿನ ಮೇಲೆ ಕೂತುಬಿಟ್ಟಳು.

"ಅಯ್ಯಯ್ಯೋ, ಏಳಿ ಮೇಡಂ! ಹೆಣ್ಣುಮಕ್ಕಳು ಒರಳ ಮೇಲೆ ಕೂರಬಾರದು, ಒಳ್ಳೇದಲ್ಲ," ಎಂದು ಮಹಾಲಿಂಗಯ್ಯ ಗಾಬರಿಯಾದರು.

ಒಲೆಯ ಮುಂದಿನಿಂದ ಕೊಲ್ಲಾಪುರಮ್ಮನ ದನಿ ಬಂತು. "ಸುಮ್ಕಿರಿ ಮೇಷ್ಟ್ರೇ. ಆ ಒರಳಲ್ಲಿ ಅಕ್ಕಿ ರುಬ್ಬಿ ರಟ್ಟೆ ಬಿದ್ದೋಗಿರಾದು ನಂದು. ನೀವ್ ಗಂಡಸ್ರು ಕೂತಾಗ ಇಲ್ದಿದ್ ಶಾಸ್ತ್ರ ಈಗ ಎಲ್ಲಿಂದ ಬಂತು? ಕೂತ್ಕೊ ಮಗ. ತಿರುಗಿ ಎದ್ದೇಳ್ಬೇಡ."

ಮಹಾಲಿಂಗಯ್ಯ ಮತ್ತೆ ಬೆಂಚಿನ ಮೇಲೆ ಕೂತರು. ಮೊದಲನೆಯ ಸುತ್ತಿನ ಕಾಫಿ ಬಂತು. ಯಶಸ್ವಿನಿ ಲೋಟ ಹಿಡಿದು ಕಾದಳು. ಆದರೂ ಯಾರೂ ಬೈಯಲಿಲ್ಲ. ಎಲ್ಲರೂ ಬೆಂಚಿನ ತುದಿಯಲ್ಲಿದ್ದ ಒಬ್ಬನನ್ನೇ ಕದ್ದು ಕದ್ದು ನೋಡುತ್ತಿದ್ದರು.

ಅವನು ಗೋವಿಂದರಾಜು. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ನುಗಳ ಸದ್ದನ್ನು ಮೀರಿಸಿ ಕೂಗಿ ಕೂಗಿ ಗಂಟಲು ಬೆಳೆಸಿಕೊಂಡವನು. ಮೊದಲ ಬೈಗುಳ ಯಾವತ್ತೂ ಅವನದೇ. ಅವನು ಶುರು ಮಾಡದೆ ಬೇರೆಯವರು ಬಾಯಿ ತೆರೆಯುವುದು ಪದ್ಧತಿಯಲ್ಲ. ಶಿವರಾಮಯ್ಯನವರನ್ನು ಅವನು ಬೈಯುತ್ತಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದು ಕೇಳುತ್ತಿದ್ದರಂತೆ. ಅಂಥವನು ಇವತ್ತು ಇಡ್ಲಿಯ ಮೇಲಿನ ಬೆಣ್ಣೆ ಕರಗುವುದನ್ನೇ ನೋಡುತ್ತ ಕೂತಿದ್ದ. ತಂಡದ ಕ್ಯಾಪ್ಟನ್ ರಂಗನಾಥ್ ಅವನ ಒಡಹುಟ್ಟಿದ ತಮ್ಮ. ಆ ರಂಗನಾಥನನ್ನೇ ಯಶಸ್ವಿನಿ ಹನ್ನೊಂದರ ಪಟ್ಟಿಯಿಂದ ತೆಗೆದು ಬೆಂಚಿಗೆ ಹಾಕಿದ್ದಳು.

ತಾನು ತಪ್ಪು ತಿಳಿದೆನೆಂದು ಅವಳಿಗೆ ಆಗ ಹೊಳೆಯಿತು. ಇವರ ಬಾಯಿ ಕಟ್ಟಿದ್ದು ಅವಳು ಹೆಂಗಸೆಂಬುದಲ್ಲ, ಅಥವಾ ಅದೊಂದೇ ಅಲ್ಲ. ಕಟ್ಟಿಕೊಂಡದ್ದು ಗೋವಿಂದರಾಜುವಿನ ಬಾಯಿ.

"ಗೋವಿಂದಣ್ಣ, ಎರಡನೇ ಕಾಫಿ ಬರೋ ಹೊತ್ತಾಯ್ತು. ಶುರು ಮಾಡಿ," ಎಂದಳು.

ಅವನು ತಲೆಯೆತ್ತಲಿಲ್ಲ. "ನಾನೇನ್ ಬೈಯ್ಲಿ ಮೇಡಂ? ನಾನ್ ಬಾಯ್ ಬುಟ್ರೆ ತಮ್ಮನ್ ಪರ ಬಂದ ಅಂತಾರೆ."

"ತಮ್ಮನ ವಿಷ್ಯ ಪಕ್ಕಕ್ಕಿಟ್ಟು ಬೈಯಿರಿ."

"ಅದನ್ ಬುಟ್ರೆ ಬೈಯಕ್ಕೆ ಏನೈತೆ? ಮಿಕ್ಕಿದ್ನೆಲ್ಲ ಸರಿಯಾಗೇ ಮಾಡಿದ್ಯಲ್ಲ!"

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಗೋವಿಂದರಾಜುವಿನ ಕಿವಿ ಕೆಂಪಾಯಿತು. ಆ ಮಾತಿನಲ್ಲಿ 'ಮೇಡಂ' ಎಲ್ಲೋ ಬಿದ್ದುಹೋಗಿದ್ದನ್ನು ಯಶಸ್ವಿನಿ ಗಮನಿಸಿದಳು. ಅವಳಿಗೆ ಒಳಗೊಳಗೇ ಖುಷಿಯಾಯಿತು.

"ಹಂಗಾದ್ರೆ ಅದನ್ನೇ ಬೈಯಿರಿ. ಇನ್ನು ನಾನು ಮಾತಾಡಲ್ಲ," ಎಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಗೋವಿಂದರಾಜು ತಟ್ಟೆ ಕೆಳಗಿಟ್ಟ. ಎದ್ದು ನಿಂತ.

"ಕೇಳಿಲ್ಲಿ. ರಂಗನ್ನ ಇಳಿಸ್ದೆ. ಇಳಿಸು, ಕೋಚು ನೀನು. ಅವನು ಆ ಕಡೆಯಿಂದ ಈ ಕಡೆಗೆ ತಿರುಗೋ ಹೊತ್ಗೆ ಕುಣಿಗಲ್ ಹುಡುಗ್ರು ಗೋಲ್ ಹೊಡ್ದು ಮನೆಗ್ ಹೋಗಿ ಉಂಡಿರ್ತಾರೆ. ನಂಗೇನ್ ಕಣ್ ಕಾಣಕ್ಕಿಲ್ವಾ? ಅದಕ್ಕಲ್ಲ ನಾನ್ ಬೈತಿರಾದು. ಲಿಸ್ಟ್‌ನ ವಾಟ್ಸಾಪ್ ಗ್ರೂಪಿಗೆ ಹಾಕಿದ್ಯಲ್ಲ, ಅದಕ್ಕೆ! ಊರೋರೆಲ್ಲ ನೋಡಿದ್ಮ್ಯಾಕೆ ಅವನು ನೋಡ್ದ. ಕಾಯಿ ಸುಲೀತಾ ಕೂತಿದ್ದ. ಅವನ ಮಗಳು ಇಂಪನಾ ಫೋನ್ ತಂದು, 'ಅಪ್ಪಾ, ನಿನ್ ಹೆಸರು ಎಲ್ಲಾರಿಗಿಂತ ಕೆಳಗೈತೆ' ಅಂತ ತೋರಿಸ್ತು. ಹತ್ತನೇ ಕ್ಲಾಸಿಂದ ಈ ಟೀಮಿಗೆ ಕಾಲ್ ಸವೆಸ್ದೋನು ಕಣಮ್ಮ ಅವನು. ಬಸ್ ಹತ್ತಿ ಬಂದು, ನಮ್ಮನೆ ಜಗಲಿ ಮ್ಯಾಲೆ ಕೂತು, 'ಅಣ್ಣಾ, ಈ ಸಲ ನೀನು ಬೆಂಚು' ಅಂತ ಬಾಯ್ಬಿಟ್ ಹೇಳಕ್ಕೆ ನಿನ್ ಗಂಟಲಾಗೆ ಏನ್ ಸಿಕ್ಕಾಕೊಂಡಿತ್ತು? ಮದ್ವೆ ಮುರಿಯೋರೂ ಮನೆಗ್ ಬಂದು ಹೇಳಿ ಹೋಗ್ತಾರೆ!"

ಯಶಸ್ವಿನಿಯ ನಾಲಗೆಯ ತುದಿಗೆ ಸಮಜಾಯಿಷಿ ಬಂದು ನಿಂತಿತ್ತು. ಎಲ್ಲ ಕ್ಲಬ್ಬುಗಳಲ್ಲೂ ಈಗ ಹಾಗೇ ಮಾಡುತ್ತಾರೆ, ಎಲ್ಲರಿಗೂ ಒಂದೇ ನ್ಯಾಯ ಇರಲಿ ಎಂದು ಹಾಗೆ ಮಾಡಿದೆ ಎಂದು ಹೇಳಬಹುದಿತ್ತು. ಪದ್ಧತಿ ಅವಳ ಬಾಯಿ ಹಿಡಿದಿತ್ತು. ಮಾತಾಡುವಂತಿಲ್ಲದ್ದರಿಂದ ಯೋಚಿಸಬೇಕಾಯಿತು. ಯೋಚಿಸಿದರೆ ಅವನು ಹೇಳಿದ್ದು ನಿಜ. ಆಟದ ಲೆಕ್ಕದಲ್ಲಿ ಅವಳು ಎಲ್ಲೂ ತಪ್ಪಿರಲಿಲ್ಲ, ಮನುಷ್ಯನ ವಿಷಯದಲ್ಲಿ ತಪ್ಪಿದ್ದಳು. ಬೈಗುಳವೆಂದರೆ ತಮಾಷೆ ಎಂದುಕೊಂಡು ಬಂದವಳಿಗೆ ಮುಖ ಬಿಸಿಯಾಯಿತು, ಕಣ್ಣಂಚು ಉರಿಯಿತು. ಆದರೂ ಅವಳು ಒರಳು ಬಿಟ್ಟು ಏಳಲಿಲ್ಲ, ಗೋವಿಂದರಾಜುವಿನ ಮುಖದಿಂದ ಕಣ್ಣನ್ನೂ ತೆಗೆಯಲಿಲ್ಲ.

ಅವನು ಕೂತದ್ದೇ ತಡ, ಕಟ್ಟೆ ಒಡೆಯಿತು.

"ಅಲ್ಲಾ, ಮೂರು ಜನ ಡಿಫೆಂಡರು! ಮೂರು!" ಎಂದು ಮಹಾಲಿಂಗಯ್ಯ ಬೆರಳೆತ್ತಿ ತೋರಿಸಿದರು. "ಮೂರು ಕಾಲಿನ ಕುರ್ಚಿ ಮೇಲೆ ಕೂತಿದೀಯೇನಮ್ಮಾ ನೀನು ಯಾವತ್ತಾದ್ರೂ?"

"ಈವಾಗ ಒಳ್ಳೆ ಡಿಸಿಷನ್ನು ಅಂದ್ರಲ್ಲ ಮೇಷ್ಟ್ರೇ!" ಎಂದು ಯಾರೋ ಕಾಲೆಳೆದರು.

"ಅದು ಮರ್ಯಾದೆಗೆ ಅಂದಿದ್ದು ಕಣಯ್ಯ!"

ಚಿಕ್ಕಬೀರಯ್ಯ ಅಷ್ಟು ಹೊತ್ತು ನುಂಗಿದ್ದನ್ನೆಲ್ಲ ಒಟ್ಟಿಗೆ ಕಕ್ಕಿದ. "ಆ ಗೋಲ್‌ಕೀಪರ್ ಸಿದ್ಧಾರ್ಥನ ಕಾಲಾಗೆ ಪಾಸ್ ಮಾಡಿಸ್ತೀನಿ ಅಂತೀಯಂತೆ! ಅವನು ಕೈಯಾಗೆ ಚೆಂಡ್ ಹಿಡಿಯೋದೇ ನಮ್ಮ್ ಪುಣ್ಯ, ಇನ್ ಕಾಲಾಗಾ? ಮತ್ತೆ ಅಂಜನ್! ಇದ್ದೋನ್ ಒಬ್ಬ ಗೋಲ್ ಹೊಡೆಯೋನು, ಕುಣಿಗಲ್‌ನೋರು ಕರೆದ್ರು ಅಂತ ಹೊಂಟ. ನೀನು ಬಸ್‌ಸ್ಟ್ಯಾಂಡಿಗೆ ಹೋಗಿ ಟಾಟಾ ಮಾಡಿ ಬಂದ್ಯಂತೆ! ಹಗ್ಗ ಹಾಕಿ ಕಟ್ಟಾಕೋದ್ ಬಿಟ್ಟು!"

"ಅಂಜನ್ ಹೋಗಿದ್ದೇ ಒಳ್ಳೇದಾಯ್ತು ಬುಡ್ಲಾ, ಅವನು ಬಾಲ್ ಕೊಡ್ತಿದ್ನಾ ಯಾರಿಗಾದ್ರೂ?"

"ನೀನ್ ಸುಮ್ಕಿರು, ಕಳೆದ್ ಸಲ ಅವನಿಗೆ ಹಾರ ಹಾಕಿದ್ದೇ ನೀನು!"

ಜಗಳ ಅವಳನ್ನು ಬಿಟ್ಟು ಅವರವರ ನಡುವೆಯೇ ಸಾಗಿತು, ಸುತ್ತು ಹೊಡೆದು ಮತ್ತೆ ಅವಳ ತಲೆಯ ಮೇಲೆಯೇ ಬಂದು ಬಿತ್ತು. ಎರಡನೆಯ ಕಾಫಿ ಬಂದು ಆರಿತು. ಬಸ್‌ಸ್ಟ್ಯಾಂಡಿನಿಂದ ನಾಲ್ಕಾರು ಜನ ಬಂದು ನಿಂತರು. 'ನೀನು' ಹೋಗಿ 'ನಿಂಗೇನ್ ತಲೆ ಕೆಟ್ಟೈತೇನಮ್ಮಿ' ಆಯಿತು. ಯಶಸ್ವಿನಿ ಒಂದೊಂದನ್ನೂ ಕೇಳಿಸಿಕೊಂಡಳು. ಒಳಗೆ ಒಂದು ಕಡೆ ರಂಗನಾಥನ ಮಾತು ಚುಚ್ಚುತ್ತಲೇ ಇತ್ತು, ಇನ್ನೊಂದು ಕಡೆ ಹಿಗ್ಗು ತಡೆಯಲಾಗುತ್ತಿರಲಿಲ್ಲ.

ಮೂರನೆಯ ಕಾಫಿಯನ್ನು ಕೊಲ್ಲಾಪುರಮ್ಮನೇ ತಂದು ಅವಳ ಕೈಗಿಟ್ಟಳು. "ಸಾಕ್ ಬುಡ್ರಪ್ಪ. ಈಗ ಅದು ಮಾತಾಡ್ಲಿ."

ಗದ್ದಲ ನಿಂತಿತು. ಇಂಥ ಹೊತ್ತಿನಲ್ಲಿ ಶಿವರಾಮಯ್ಯನವರು "ನೋಡೋಣ" ಎಂದಷ್ಟೇ ಹೇಳಿ ಚಡ್ಡಿ ಕೊಡವಿಕೊಂಡು ಹೋಗುತ್ತಿದ್ದರು. ಯಶಸ್ವಿನಿ ಹಾಗೆ ಹೇಳುವವಳಲ್ಲ.

"ಮೂರೇ ಜನ ಡಿಫೆಂಡರು ಆಡ್ತಾರೆ. ಸಿದ್ಧಾರ್ಥ್ ಕಾಲಲ್ಲೇ ಆಡ್ತಾನೆ. ರಂಗನಾಥಣ್ಣ ಬೆಂಚಲ್ಲೇ ಇರ್ತಾರೆ. ನೀವು ಎಷ್ಟೇ ಬೈದ್ರೂ ಅದ್ಯಾವುದೂ ಬದಲಾಗಲ್ಲ." ಕಾಫಿ ಗುಟುಕರಿಸಿ ಲೋಟವನ್ನು ಒರಳಿನ ಅಂಚಿನಲ್ಲಿಟ್ಟಳು. "ಅದನ್ನ ಫೋನಲ್ಲಿ ಹೇಳಿದ್ದು ನನ್ನ ತಪ್ಪು. ಗೋವಿಂದಣ್ಣ, ಅವ್ರು ಈಗ ಮನೇಲಿದಾರಾ?"

ಗೋವಿಂದರಾಜು ಅವಳನ್ನು ಒಂದು ಗಳಿಗೆ ನೋಡಿದ. "ಅವ್ನೆ. ಅದನ್ ನೋಡಿದಾಗ್ನಿಂದ ಯಾರ್ ಹತ್ರಾನೂ ಮಾತಿಲ್ಲ."

"ನಡೀರಿ ಹಂಗಾದ್ರೆ."

"ಬರಿಗೈಲಿ ಹೋಗಬೇಡ," ಎಂದು ಕೊಲ್ಲಾಪುರಮ್ಮ ಬಿಸಿ ಇಡ್ಲಿಗಳನ್ನು ಮುತ್ತುಗದ ಎಲೆಯಲ್ಲಿ ಸುತ್ತಿಕೊಟ್ಟಳು. "ಚಟ್ನಿ ಚೆಲ್ಲೀತು, ನೋಡ್ಕೊ."

ಗೋವಿಂದರಾಜು ಬೈಕಿನ ಸ್ಟ್ಯಾಂಡ್ ತೆಗೆದನೇ ಹೊರತು ಗಾಡಿ ಚಾಲೂ ಮಾಡಲಿಲ್ಲ. ಅವಳು ಹಿಂದೆ ಕೂತ ಮೇಲೂ ಹ್ಯಾಂಡಲ್ ಹಿಡಿದು ಹಾಗೇ ನಿಂತಿದ್ದ. ಆಮೇಲೆ, ಇಷ್ಟು ಸಣ್ಣ ದನಿ ಅವನ ಗಂಟಲಲ್ಲಿದೆಯೆಂದು ಯಾರಿಗೂ ಗೊತ್ತಿರದಂಥ ದನಿಯಲ್ಲಿ ಹೇಳಿದ. "ಅವನ ಮೊಣಕಾಲಿಗೆ ಒಂದ್ ವರ್ಷದಿಂದ ಎಣ್ಣೆ ತಿಕ್ತಿರೋನು ನಾನೇ ಕಣಮ್ಮ. ಸಾಕು, ನಿಲ್ಸಪ್ಪ ಅಂತ ಹೇಳಕ್ಕೆ ನಂಗೇ ಬಾಯ್ ಬರ್ಲಿಲ್ಲ."

ಯಶಸ್ವಿನಿಯ ಮಡಿಲಲ್ಲಿದ್ದ ಎಲೆಯ ಪೊಟ್ಟಣ ಬಿಸಿಯಾಗಿತ್ತು.

"ನಾನು ಹೇಳ್ತೀನಿ," ಎಂದಳು. "ನೀವು ಪಕ್ಕದಲ್ಲಿರಿ, ಅಷ್ಟೇ."

ಅವನು ತಲೆಯಾಡಿಸಿ ಕಿಕ್ಕರ್ ಒದ್ದ. ಬೈಕು ಹೊರಡುತ್ತಿದ್ದಂತೆ ಹಿಂದಿನಿಂದ ಚಿಕ್ಕಬೀರಯ್ಯನ ಕೂಗು ಕೇಳಿಸಿತು. "ಏಯ್ ಕೋಚಮ್ಮಾ! ಭಾನುವಾರ ಲಾರಿ ಬೆಳಕು ಹರಿಯೋ ಹೊತ್ಗೇ ಬಿಡ್ತೀನಿ! ಆ ಮೂರ್ ಜನನ್ನಾದ್ರೂ ನೆಟ್ಟಗ್ ನಿಲ್ಸು!"

ಅವಳು ತಿರುಗಿ ನೋಡಿದಳು. ಬೆಂಚುಗಳ ಮೇಲೆ ಜಗಳ ಮತ್ತೆ ಶುರುವಾಗಿತ್ತು. ಒರಳುಕಲ್ಲಿನ ಮೇಲೆ ಅವಳು ಕುಡಿದಿಟ್ಟ ಲೋಟವಿತ್ತು. ಹೊಸ ಟವೆಲ್ ಹಾಸಿದ ಕುರ್ಚಿಯಲ್ಲಿ ಹೋಟೆಲಿನ ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು.