ಹೆಂಗಸರ ಬೆಂಚಿನ ಕಡೆ

ಮೊರದಲ್ಲಿದ್ದ ಬಿಲ್ವಪತ್ರೆಯಿಂದ ಹುಳು ತಿಂದ ಎಲೆಗಳನ್ನು ಕಾಂತಮ್ಮ ಆರಿಸಿ ತೆಗೆಯುತ್ತಿದ್ದಾಗ ಮೈದುನ ನಿರಂಜನ್ ತೋಟದಿಂದ ಬಂದ. ಕಾಲಿಗೆಲ್ಲ ಸಮಾಧಿ ಗುಂಡಿಯ ಕೆಮ್ಮಣ್ಣು.

“ಅತ್ತಿಗೆ, ಅಣ್ಣನ ಪಕ್ಕದಲ್ಲೇ ನಿಮ್ಗೂ ಜಾಗ ಬಿಡ್ಸಿದೀನಿ. ಗುದ್ದಲೀಲಿ ಗೆರೆ ಎಳ್ಸಿ ಬಂದೆ.”

“ನನ್ನ ಕೇಳಿದ್ಯಾ?”

“ಇದನ್ನೂ ಕೇಳ್ಬೇಕಾ?” ಎಂದಳು ಅವನ ಹೆಂಡತಿ ವಿನುತಾ. “ಗಂಡನ ಮಗ್ಗುಲು ಬಿಟ್ಟು ಇನ್ನೆಲ್ಲಿಗೆ ಹೋಗ್ತೀರಕ್ಕ? ಬೆಳಗಿಂದ ಒಂದು ಹನಿ ಕಣ್ಣೀರಿಲ್ಲ. ನೋಡಿದೋರು ಏನಂತಾರೆ?”

ಜಗಲಿಯಲ್ಲಿ ಕಾಂತಮ್ಮನ ಗಂಡ ಮರುಳಸಿದ್ದಪ್ಪನ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ವಿಭೂತಿ ಬಳಿದಿದ್ದರು. ಬಂದವರದೆಲ್ಲ ಒಂದೇ ಮಾತು: ಕೊಡ್ಲಿಪೇಟೆಯ ಟಾಕೀಸಿನಲ್ಲಿ ಅವನು ಮೆಷಿನ್ ಬಿಟ್ಟರೆ ಪಿಚ್ಚರ್ ಕನ್ನಡಿಯ ಹಾಗೆ.

“ಗಂಡಸರಿಗೆ ಕನ್ನಡಿ,” ಎಂದಳು ಆಗ ಟಾಕೀಸಿನಲ್ಲಿ ಕಸ ಗುಡಿಸುತ್ತಿದ್ದ ಮುದ್ದಿ. “ಪರದೆ ಮೇಲೆ ನಮ್ ಬೆಂಚಿನ ಕಡೆ ನಿಂತೋರಿಗೆ ಮೂಗೂ ಇಲ್ಲ, ಬಾಯೂ ಇಲ್ಲ. ಅತ್ತೋಳು ಅತ್ತೆಯೋ ಸೊಸೆಯೋ ಅಂತ ಮನೆಗೋಗಿ ಗಂಡನ್ನ ಕೇಳ್ಬೇಕಿತ್ತು.”



*

ಮದುವೆಯಾದ ಹೊಸತು. ಟಾಕೀಸಿನ ಅಡ್ಡಗೋಡೆಯ ಎಡಕ್ಕೆ ಹೆಂಗಸರ ಬೆಂಚು. ಪರದೆಯ ಎಡ ಅಂಚು ಯಾವಾಗಲೂ ಮಸುಕು. ಕಾಂತಮ್ಮ ಹೇಳಿದರೆ ಮರುಳಸಿದ್ದಪ್ಪ, “ಮಧ್ಯ ಸರಿ ಇದ್ಯಲ್ಲ, ಹೀರೋ ನಿಲ್ಲೋದು ಅಲ್ಲೇ,” ಎಂದಿದ್ದ.

ಅವನು ರೀಲಿನ ಡಬ್ಬಿ ತರಲು ಹಾಸನಕ್ಕೆ ಹೋದ ದಿನ ಕಾಂತಮ್ಮ ಹಳೆಯ ರೀಲು ಓಡಿಸಿ ಲೆನ್ಸ್ ತಿರುಗಿಸಿದಳು. ಅಂಚು ತಿಳಿಯಾದರೆ ಮಧ್ಯ ಮಸುಕಾಗುತ್ತಿತ್ತು. ಲೆನ್ಸ್ ಓರೆಯಾಗಿ ಕೂತಿತ್ತು. ಅದರ ಪಕ್ಕಕ್ಕೆ ತೆಳು ತಗಡು ತುರುಕಿದಳು. ಮಧ್ಯದ ಹರಿತವನ್ನು ಕೂದಲೆಳೆಯಷ್ಟು ಬಿಟ್ಟುಕೊಟ್ಟಳು.

“ಮೂಗು ಬಂತು ಕಣವ್ವ,” ಕೆಳಗಿನಿಂದ ಮುದ್ದಿ ಕೂಗಿದಳು.

ಸಂಜೆ ಆಟದಲ್ಲಿ ಪರದೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಮರುಳಸಿದ್ದಪ್ಪ ಅದನ್ನು ನೋಡಿದ. ನೋಡಿಯೇ ತಗಡು ಕಿತ್ತ. ಅವಳ ಅಂಗೈಯಲ್ಲಿಟ್ಟು ಮುಷ್ಟಿ ಹಿಸುಕಿದ.

“ನನ್ ಮೆಷಿನ್ ಮುಟ್ಟಿದ ಕೈ ಇದೇ ತಾನೆ?”

ಟಾಕೀಸು ಮುಚ್ಚುವವರೆಗೂ ಎಡ ಅಂಚು ಮಸುಕಾಗಿಯೇ ಉಳಿಯಿತು.

*

ಗುಂಡಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಮರುಳಸಿದ್ದಪ್ಪನನ್ನು ಕೂರಿಸಿದರು. ಅಯ್ಯನವರ ಮಂತ್ರ ಮುಗಿಯಿತು. ಎಲ್ಲರೊಂದಿಗೆ ಕಾಂತಮ್ಮನೂ ಒಂದು ಹಿಡಿ ಮಣ್ಣು ಹಾಕಿದಳು.

“ಜಾಗ ನೋಡ್ಕೊಂಡ್ರಾ?” ನಿರಂಜನ್ ಕೇಳಿದ.

“ನೋಡ್ದೆ.”

“ತೃಪ್ತಿ ತಾನೆ?”

ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು: ತಿಥಿಯ ಶಿವಗಣಾರಾಧನೆ ಮುಗಿದ ಮರುದಿನವೇ ತವರಿಗೆ ಹೊರಡುವುದು, ಹಿಂದಿರುಗಬಾರದು. ಅಲ್ಲಿ ಅವ್ವನ ಸಮಾಧಿಯ ಪಕ್ಕ ನೆಲ ಖಾಲಿಯಿತ್ತು.

ಜನ ಕೈಕಾಲು ತೊಳೆಯಲು ನಲ್ಲಿಯತ್ತ ನಡೆದರು. ವಿನುತಾ ತಿರುಗಿ, “ಬನ್ನಿ ಅಕ್ಕ,” ಎಂದಳು.

“ನಡಿ, ಬಂದೆ.”

ಕಾಫಿ ಗಿಡಗಳ ನಡುವೆ ಒಬ್ಬಳೇ ನಿಂತು, ಕಾಂತಮ್ಮ ತನಗೆಂದು ಎಳೆದ ಗುದ್ದಲಿಯ ಗೆರೆಯ ಮೇಲೆ ಹಿಮ್ಮಡಿ ಊರಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ಉಜ್ಜಿ ಅಳಿಸತೊಡಗಿದಳು.